ವೈನಿಯ ಹಿಸೆ

ವೈನಿ, ನಿಮಗೆ ನಾನು ಮೋಸ ಮಾಡಿದೆ. ಕಾನೂನು ಓದದ ನಿಮಗೆ ಕಾನೂನು ಓದಿದ ನಾನು ಒಂದೇ ಒಂದು ಶಬ್ದ ಹಿಡಿದು ಮೋಸ ಮಾಡಿದೆ. ಆಮೇಲೆ ಆ ಮೋಸದ ಮೇಲೆಯೇ ಕಾಲಿಟ್ಟು ಪ್ರಾಧ್ಯಾಪಕನೂ ಆದೆ. ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು ನೋಡಿ — ಕಂಪನಿ ತೆರಿಗೆಯ ಬಗ್ಗೆ ನಿಂತ ಕಾಲಲ್ಲಿ ತಾಸುಗಟ್ಟಲೆ ಒದರುವ ಈ ಬಾಯಿಗೆ.

ಎಪ್ಪತ್ತರ ದಶಕದ ಮಾತು. ಮನಗೂಳಿಯ ನಮ್ಮ ಎಣ್ಣೆ ಗಿರಣಿಯನ್ನು ಹಿರಿಯಣ್ಣ, ನಡುವಿನಣ್ಣ ಇಬ್ಬರೂ ಪಾಲುದಾರಿಕೆಯಲ್ಲಿ ನಡೆಸುತ್ತಿದ್ದರು. ಹಿರಿಯಣ್ಣ — ನಿಮ್ಮ ಯಜಮಾನರು — ತೀರಿಕೊಂಡ ಮೇಲೆ ನೀವು ಕೇಳಿದ್ದು ಬಹಳವೇನಲ್ಲ. ಹಿಂಬದಿಯ ಸಣ್ಣ ಶೆಡ್ಡು, ಅದರೊಳಗಿನ ಹಳೆಯ ಗಾಣ. “ಅದಿಷ್ಟು ನನಗ ಹಿಸೆ ಮಾಡಿ ಕೊಡ್ರಿ. ಕುಸುಬಿ ಎಣ್ಣಿ ತಗದು ನನ್ನ ಹೊಟ್ಟಿ ನಾ ನೋಡ್ಕೋತೇನಿ. ಇನ್ನೊಬ್ಬರ ಒಲಿ ಮುಂದ ಕುಂಡ್ರಾಕಿ ಅಲ್ಲ ನಾ” ಎಂದಿರಿ. ಸತ್ತ ಪಾಲುದಾರನ ಭಾಗ ಅವನ ಹೆಂಡತಿಗೆ ಬರಬೇಕಾದದ್ದೇ. ನ್ಯಾಯ ನಿಮ್ಮ ಕಡೆಗಿತ್ತು.

ನಡುವಿನಣ್ಣನಿಗೆ ಗಿರಣಿ ಒಡೆಯುವುದು ಬೇಕಿರಲಿಲ್ಲ. ನನ್ನನ್ನು ಕರೆಸಿದ. ನಾನು ಆಗ ಕಾನೂನು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕ, ತಲೆ ತುಂಬ ಕಂಪನಿ ತೆರಿಗೆ. ಗಿರಣಿಯನ್ನು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಬಿಡು ಎಂದೆ. ತೆರಿಗೆಯೂ ಹಗುರ, ಒಡೆಯುವ ಮಾತೂ ಮುಗಿಯಿತು — ಕಂಪನಿಯ ಆಸ್ತಿ ಕಂಪನಿಯದು, ಷೇರು ಇದ್ದವರು ಅದರ ಒಂದು ಇಟ್ಟಿಗೆಯನ್ನೂ ತಮ್ಮದು ಎನ್ನುವ ಹಾಗಿಲ್ಲ. ಅಣ್ಣ ನಕ್ಕ. “ವೈನಿ ಒಪ್ಪಬೇಕಲ್ಲೋ. ನೀನ ಹೇಳು, ನಿನ್ನ ಮಾತು ಕೇಳ್ತಾರ.”

ಕೇಳದೆ ಏನು? ನನ್ನನ್ನೂ ಗಿರಣಿಯಲ್ಲಿ ಕೂರಿಸಬೇಕೆಂದು ಮನೆಯವರೆಲ್ಲ ಹಟ ಹಿಡಿದಾಗ, ‘ಅವ ಓದ್ಲಿ’ ಎಂದವರು ನೀವೊಬ್ಬರೇ.

ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ನೀವು ಒಂದೇ ಮಾತು ಕೇಳಿದಿರಿ. “ಕಂಪನಿ ಆದ್ರೂ ನನ್ನ ಹಿಸೆ ಇರ್ತೈತೇನು?”

ಇಂಡಿ, ಸಿಂದಗಿ, ಬಾಗೇವಾಡಿ ಕಡೆ ಹಿಸೆ ಎಂದರೆ ಗಡಿಗೆ ಬಾಂದಗಲ್ಲು ಹಾಕಿ ಬೇರೆ ಮಾಡಿದ ಭಾಗ. ಅದರಲ್ಲಿ ಕಾಲಿಟ್ಟು ನಿಲ್ಲಬಹುದು. ಇದು ನನಗೆ ಗೊತ್ತಿತ್ತು. ನೀವು ಕೇಳುತ್ತಿರುವುದು ಆ ಶೆಡ್ಡನ್ನು ಎಂಬುದೂ ಗೊತ್ತಿತ್ತು. ಆದರೂ —

“ಇರ್ತೈತ್ರಿ ವೈನಿ. ಷೇರು ಅಂದ್ರ ಹಿಸೇನ ರಿ” ಅಂದೆ. ನೀವು ಸಹಿ ಹಾಕಿದಿರಿ.

ಸುಳ್ಳೇನು ಹೇಳಿದೆ, ಷೇರು ಎಂದರೂ ಪಾಲೇ ಅಲ್ಲವೇ — ಎಂದು ಬಹಳ ವರ್ಷ ನನಗೆ ನಾನೇ ವಕೀಲಿ ಮಾಡಿಕೊಂಡೆ. ಬೆಂಕಿ ಬೀಳಲಿ ಇಂಥ ವಕೀಲಿಗೆ. ಈಗ ನೆನೆದರೆ ಮೈ ಉರಿಯುತ್ತದೆ.

ಕಂಪನಿಯಾದ ಮೇಲೆ ನೀವು ಕಸಬರಿಗೆ ಹಿಡಿದು ಶೆಡ್ಡು ಗುಡಿಸಲು ಬಂದಿರಿ. ಅಣ್ಣ ಬಾಗಿಲಲ್ಲೇ ತಡೆದ. “ಇದು ಈಗ ಕಂಪನೀದು ವೈನಿ. ನಂದೂ ಅಲ್ಲ, ನಿಮ್ದೂ ಅಲ್ಲ.” ನೀವು ಅಲ್ಲೇ ಇದ್ದ ನನ್ನ ಕಡೆ ತಿರುಗಿದಿರಿ. “ಹಂಗಾರ ನನ್ನ ಹಿಸೆ ಎಲ್ಲಿಂದ ಎಲ್ಲೀತನಕ ಐತಿ, ಅಷ್ಟರ ತೋರ್ಸು.” ಲಾಭವನ್ನು ಹಂಚದೆ ಗಿರಣಿಯಲ್ಲೇ ಉಳಿಸಿಕೊಳ್ಳುವ ಹಾದಿಯನ್ನೂ ಅಣ್ಣನಿಗೆ ನಾನೇ ಹೇಳಿಕೊಟ್ಟಿದ್ದೆ. ಹಾಗಾಗಿ ಷೇರಿನಿಂದಲೂ ನಿಮಗೇನೂ ದಕ್ಕಲಿಲ್ಲ. ನೀವು ಗೊಳಸಂಗಿಯ ತವರಿಗೆ ಹೋಗಿ ತಮ್ಮನ ಹೆಂಡತಿಯ ಒಲೆಯ ಮುಂದೆ ಕೂತಿರಿ.

ನಾನೇನು ಮಾಡಿದೆ? ಮನೆತನದ ಗಿರಣಿ ಕಂಪನಿಯಾದರೆ ತೆರಿಗೆ ಹೇಗೆ ಬದಲಾಗುತ್ತದೆ ಎಂದು ಲೇಖನ ಬರೆದೆ. ಅದರ ಬಲದಿಂದ ನೌಕರಿ ಕಾಯಂ ಆಯಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೆಸರಾದದ್ದು ನಿಮ್ಮ ಕೈ, ಮೊಸರು ಬಿದ್ದದ್ದು ನನ್ನ ಬಾಯಿಗೆ. ಅಷ್ಟಕ್ಕೇ ಸುಮ್ಮನಿದ್ದೆನೇ? ಪ್ರತಿ ವರ್ಷದ ಮೊದಲ ಪಾಠದಲ್ಲಿ, ಕಂಪನಿಯೇ ಬೇರೆ ಷೇರುದಾರರೇ ಬೇರೆ ಎಂದು ತಿಳಿಸಲು, ‘ಒಬ್ಬ ಹೆಣ್ಣುಮಗಳು ಕಸಬರಿಗೆ ಹಿಡಿದು ತನ್ನ ಷೇರು ಗುಡಿಸಲು ಬಂದಳಂತೆ’ ಎನ್ನುತ್ತಿದ್ದೆ. ಹುಡುಗರು ಬೆಂಚು ಬಡಿದು ನಗುತ್ತಿದ್ದರು. ಎಂಥ ಚಂದ ಕಲಿಸುತ್ತಾರೆ ಎಂದು ಹೆಸರು ಬಂತು. ಒಂದು ವರ್ಷವಾದರೂ ನಾಲಿಗೆ ತಡವರಿಸಬಾರದಿತ್ತೇ?

ನಿವೃತ್ತಿಯಾದ ಮೇಲೆ ಮುದ್ದೇಬಿಹಾಳದಲ್ಲಿ ಸನ್ಮಾನ ಇಟ್ಟರು. ನೀವು ಬಸ್ಸು ಹಿಡಿದು ಬಂದು ಮುಂದಿನ ಸಾಲಿನಲ್ಲೇ ಕೂತಿದ್ದಿರಿ. ಅದನ್ನು ಕಂಡೂ, ರೂಢಿಬಿದ್ದ ಈ ದರಿದ್ರ ಬಾಯಿ ಅದೇ ಕತೆ ಹೇಳಿತು. ಸಭೆ ನಕ್ಕಿತು. ಊಟದ ಹೊತ್ತಿಗೆ ನೀವು ಹತ್ತಿರ ಬಂದು ಮೆಲ್ಲಗೆ ಕೇಳಿದಿರಿ.

“ಆ ಹೆಣ್ಮಗಳಿಗೆ ಮುಂದ ಏನಾತೋ?”

“ಗೊತ್ತಿಲ್ರಿ ವೈನಿ” ಅಂದೆ. ಮತ್ತೊಂದು ಸುಳ್ಳು. ನೀವು ತಲೆ ಆಡಿಸಿ, ಬಸ್ಸಿಗೆ ಹೊತ್ತಾಯಿತೆಂದು ಊಟ ಮಾಡದೆಯೇ ಹೊರಟುಹೋದಿರಿ.

ನಿಮ್ಮ ತವರಿನವರು ಇಂದಿಗೂ ನಿಮ್ಮನ್ನೇ ಆಡಿಕೊಳ್ಳುತ್ತಾರೆಂದು ಬಲ್ಲೆ — ತಿಳಿಯದೆ ಸಹಿ ಹಾಕಿ ಕೈಯಾರೆ ಕಳೆದುಕೊಂಡ ಹುಚ್ಚಿ ಎಂದು. ಬರುವ ಸೋಮವಾರ ಗೊಳಸಂಗಿಗೆ ಬರುತ್ತೇನೆ. ಅವರೆಲ್ಲರನ್ನೂ ಕೂರಿಸಿ, ನೀವು ತಿಳಿಯದೆ ಹಾಕಲಿಲ್ಲ, ಕೇಳಿಯೇ ಹಾಕಿದಿರಿ, ಕೇಳಿದ್ದು ನನ್ನನ್ನು ಎಂದು ಹೇಳುತ್ತೇನೆ. ಆಮೇಲೆ ನೀವು ಬಾಗಿಲು ತೋರಿಸಿದರೆ ಹೋಗುತ್ತೇನೆ.