ಜೋರ್ಡನ್ ಗೋಡೆಯ ಹೆಂಗಸರು

ನಮ್ಮ ಚರ್ಚಿನ ದೀಕ್ಷಾಸ್ನಾನದ ತೊಟ್ಟಿಯ ಹಿಂದಿನ ಗೋಡೆಗೆ ಜೋರ್ಡನ್ ನದಿಯ ಚಿತ್ರ ಬೇಕಾಗಿತ್ತು. ಸಭೆಯವರು ವರ್ಡೆಲ್ ಚಿಸಮ್‌ಳನ್ನು ಕೇಳಿದರು. ಹಗಲೆಲ್ಲ ಅವಳಿಗೆ ಕಡಲ ಸಿಂಪಿಯ ಚಿಪ್ಪು ಬಿಡಿಸುವ ಕೆಲಸ. ಸಂಜೆ ಹಿತ್ತಲಲ್ಲಿ ಹಳೆಯ ತಗಡಿನ ಮೇಲೆ, ದೋಣಿಗೆ ಬಳಿದು ಮಿಕ್ಕ ಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದಳು. ಯಾರೂ ಕಲಿಸಿದ್ದಲ್ಲ.

ಚರ್ಚಿನ ಉಸ್ತುವಾರಿಯ ಡೀಕನ್ ಹೇವರ್ಡ್‌ಗೆ ಕ್ಯಾಲೆಂಡರಿನಲ್ಲಿರುವಂಥ ಖಾಲಿ ನದಿ ಸಾಕಿತ್ತು.

"ನದಿಗೆ ಇಳಿಯೋರು ಯಾರಣ್ಣ, ಕೊಕ್ಕರೆಗಳಾ? ನಮ್ಮ ಹೆಂಗಸರನ್ನೇ ಬರೀತೀನಿ," ಎಂದಳು ವರ್ಡೆಲ್.

"ಬರಿ. ನ್ಯೂಯಾರ್ಕಿಗೆ ಹೋದವರೆಲ್ಲ ಆಗಸ್ಟಿನ ಭಾನುವಾರ ಊರಿಗೆ ಬರ್ತಾರೆ. ಅಷ್ಟರೊಳಗೆ ಸಭೆ ಒಪ್ಪದಿದ್ರೆ ಸುಣ್ಣ ಹೊಡೆಸ್ತೀನಿ."

ನಾವು ಒಬ್ಬೊಬ್ಬರಾಗಿ ಹೋಗಿ ಅವಳೆದುರು ಕೂತೆವು, ಆರಾಧನೆಗೆ ಹೋಗುವ ಹಾಗೆಯೇ: ಬಿಳಿ ಉಡುಪು, ಮುಖಕ್ಕೆ ಪೌಡರ್. ಕಂಡದ್ದನ್ನೇ ಬರೆಯಬೇಕೆಂಬುದು ವರ್ಡೆಲ್‌ಳ ನಿಯಮ. ಬಣ್ಣ ಕಲಸುವ ಕಡ್ಡಿಯನ್ನು ನಮ್ಮ ಕೆನ್ನೆಯ ಪಕ್ಕ ಹಿಡಿದು, ಹೊಂದುವವರೆಗೆ ಕಲಸುತ್ತಿದ್ದಳು.

ಗೋಡೆಗೆ ಕಟ್ಟಿದ್ದ ಪರದೆ ಸರಿಸಿದ ದಿನ ಎಲ್ಲರೂ ಬಂದು ನೋಡಿದೆವು. ಎಲ್ಲರಿಗಿಂತ ಹಿರಿಯಳಾದ ಲವೀನಿಯಾ ಅಜ್ಜಿ ಊರುಗೋಲು ಎತ್ತಿ ತನ್ನ ಚಿತ್ರ ತೋರಿಸಿದಳು.

"ಕೈ ನಂದೇ. ಮೇಲೆ ಯಾರ ತಲೆ ಇಟ್ಟಿದ್ದೀಯೇ?"

ಆಗ ಅಂಗಡಿಯ ಪೌಡರಿನಲ್ಲಿ ನಮ್ಮಂಥ ಕಪ್ಪು ಜನರ ಮೈಬಣ್ಣದ್ದು ಸಿಗುತ್ತಿರಲಿಲ್ಲ. ಇದ್ದುದರಲ್ಲಿ ಗಾಢವಾದದ್ದನ್ನೇ ಹಚ್ಚುತ್ತಿದ್ದೆವು. ಮನೆಯ ಕನ್ನಡಿಯಲ್ಲಿ ನೋಡಿ ಅಭ್ಯಾಸವಾಗಿತ್ತು. ಗೋಡೆಯ ಮೇಲೆ ಮಾತ್ರ ಎಲ್ಲರ ಮುಖವೂ ಬೂದಿ ಮೆತ್ತಿದಂತಿತ್ತು.

"ಸುಣ್ಣ ಕಲಸಲಾ?" ಎಂದ ಡೀಕನ್.

"ತಪ್ಪು ನಂದು," ಎಂದಳು ವರ್ಡೆಲ್. "ನಿಮ್ಮನ್ನ ಬಿಟ್ಟು ಪೌಡರನ್ನ ಬರೆದೆ. ಎಲ್ಲರೂ ಮುಖ ತೊಳ್ಕೊಂಡು ಕೂತ್ಕೊಳ್ಳಿ."

ಯಾರೂ ಏಳಲಿಲ್ಲ. ಚರ್ಚಿನಲ್ಲಿ ಬರಿ ಮುಖದಲ್ಲಿರುವುದೆಂದರೆ ಒಳಲಂಗದಲ್ಲಿ ನಿಂತಂತೆ. ನಾನೂ ಬೀಸಣಿಗೆಯ ಹಿಂದೆ ಸೇರಿಕೊಂಡೆ.

"ನನ್ನ ಗಂಡನಿಗೇ ತೋರಿಸಿಲ್ಲ ಕಣೇ," ಎಂದಳು ಪಕ್ಕದ ರೋಸೆಟ್ಟಾ.

"ಅದಕ್ಕೇ ಇನ್ನೂ ಮನೇಲಿದಾನೆ," ಎಂದಳು ಅಜ್ಜಿ.

ನಾವು ನಗುತ್ತಿರುವಾಗಲೇ ಅವಳು ಕರವಸ್ತ್ರ ಒದ್ದೆ ಮಾಡಿಕೊಂಡು ಮುಖ ಉಜ್ಜಿಕೊಂಡಳು. ಕಿಟಕಿಯ ಬೆಳಕಿಗೆ ಹೋಗಿ ಕೂತಳು. "ಬೇಗ ಬರಿ ಮಗಳೇ, ನಾನು ಸಾಯೋದ್ರೊಳಗೆ ಮುಗಿಸು."

ವರ್ಡೆಲ್ ಕಂದು ಬಣ್ಣಕ್ಕೆ ದೋಣಿಯ ಕಡುನೀಲಿಯನ್ನು ಹನಿಹನಿಯಾಗಿ ಸೇರಿಸುತ್ತ ಹೋದಳು. ಕೆನ್ನೆಯ ಮೂಳೆಯ ಮೇಲೆ ಚೂರು ಕೆಂಪು. ಗೋಡೆಯ ಮೇಲಿನ ತಲೆ ಅದರ ಕೈಗಳಿಗೆ ಸೇರಿದ್ದಾಯಿತು. ರೋಸೆಟ್ಟಾ ಎದ್ದು ಚರ್ಚಿನ ಅಡುಗೆಮನೆಯ ನಲ್ಲಿಯ ಕಡೆ ನಡೆದಳು. ಅವಳ ಹಿಂದೆ ನಾನು.

ಭಾನುವಾರಕ್ಕೆ ಮುಂಚೆ ಸಭೆ ಕೈಯೆತ್ತಿ ಒಪ್ಪಿತು. ಡೀಕನ್ ಕೈಯೂ ಮೇಲಿತ್ತು. ಭಾನುವಾರ ನ್ಯೂಯಾರ್ಕಿನಿಂದ ಬಂದ ಪುಟ್ಟ ಹುಡುಗಿಯೊಬ್ಬಳನ್ನು ಅವನೇ ಎತ್ತಿಕೊಂಡು ಗೋಡೆಯ ಹತ್ತಿರ ನಿಂತಿದ್ದ.

"ಅದು ನಮ್ಮಜ್ಜಿ!" ಎಂದು ಅವಳು ಕೈ ಚಾಚಿದಳು.

"ಹೌದಮ್ಮ, ನಿಮ್ಮಜ್ಜೀನೇ. ಮುಟ್ಟಬೇಡ, ಇನ್ನೂ ಹಸಿಯಿದೆ."