ಮಾರಮ್ಮನ ಹೋತಕ್ಕೆ ಹುಳ ಬಿದ್ದ ವರ್ಷ

ಕೊಡಗು ತನ್ನದೇ ಮಂತ್ರಿಮಂಡಲವಿದ್ದ ಪುಟ್ಟ ರಾಜ್ಯವಾಗಿದ್ದ ದಿನಗಳಲ್ಲಿ, ಕುಶಾಲನಗರದ ಆಚೆ, ಹಾರಂಗಿ ಹೊಳೆಯ ದಂಡೆಯಲ್ಲಿ ಚಲುವಮ್ಮ ಆಡು ಸಾಕಿದ್ದಳು. ಗಂಡ ಜವರಯ್ಯನೊಂದಿಗೆ ಹಾಸನದ ಸೀಮೆಯಿಂದ ಬಂದು ನೆಲೆಸಿದವಳು. ಪ್ರತಿಯೊಂದು ಆಡನ್ನೂ ಹೆಸರಿಟ್ಟು ಕರೆಯುತ್ತಿದ್ದಳು. ಗಂಡನನ್ನು ಮಾತ್ರ ಎಂದೂ ಹೆಸರು ಹಿಡಿದು ಕರೆದವಳಲ್ಲ. ಮುಪ್ಪಿನಲ್ಲಿ ಅವಳು ಹೇಳುತ್ತಿದ್ದ ಹಳೆಯ ಸಂಗತಿಗಳಲ್ಲಿ ಒಂದು ಹೋತದ ಕತೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಒಂದು ವರ್ಷ ಮಳೆಗೆ ಮೊದಲು ಜವರಯ್ಯನಿಗೆ ಚಳಿಜ್ವರ ಏರಿ ಮಾತು ತಪ್ಪಿತು. ಆಸ್ಪತ್ರೆಯವರು ಕೊಯ್ನಾ, ಅಂದರೆ ಕ್ವಿನೈನ್, ಔಷಧಿ ಕೊಟ್ಟರು. ಚಲುವಮ್ಮ ಆ ಕಹಿಯನ್ನು ಅವನಿಗೆ ಕುಡಿಸಿದಳು. ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿ, ಇವರು ಎದ್ದು ಕೂತರೆ ಬರುವ ಮಾರಿಹಬ್ಬಕ್ಕೆ ಒಂದು ಹೋತ ಕೊಡುತ್ತೇನೆಂದು ಹರಕೆಯನ್ನೂ ಹೊತ್ತಳು. ಜವರಯ್ಯ ಎದ್ದು ಕೂತ.

ಹರಕೆಯ ಹೋತಕ್ಕೆ ಊನವಿರಬಾರದು. ಓರಗೆಯ ಗಂಡುಮರಿಗಳಿಗೆಲ್ಲ ಬೀಜ ಒಡೆಸಿದರೂ ಇದೊಂದನ್ನು ಹಾಗೆಯೇ ಬಿಟ್ಟರು. ದೇವರ ಪಾಲಿನದೆಂದು ಅವಳು ಅದಕ್ಕೆ ಬೇರೆ ಉಪಚಾರವನ್ನೂ ಮಾಡಿದಳು. ಉಳಿದವು ದಿಬ್ಬದ ಮೇಲಿನ ಪೊದೆಗಳನ್ನು ಕಡಿದು ತಿನ್ನುತ್ತಿದ್ದರೆ, ಇದನ್ನು ಹೊಳೆಯಂಚಿನ ಎಳೆಹುಲ್ಲಿನಲ್ಲಿ, ಒದ್ದೆ ಆರುವ ಮೊದಲೇ, ಗೂಟಕ್ಕೆ ಕಟ್ಟುತ್ತಿದ್ದಳು.

ಮಳೆ ಹಿಂದಾಗುವ ಹೊತ್ತಿಗೆ ಬೀಜ ಒಡೆಸಿದವು ಮೈತುಂಬಿಕೊಂಡವು. ಮಾರಮ್ಮನ ಹೋತ ಬಡಕಲಾಯಿತು; ಅದರ ಗದ್ದದ ಕೆಳಗೆ ನೀರು ತುಂಬಿದ ಚೀಲ ಜೋತುಬಿತ್ತು.

"ಅಮ್ಮ ಒಲ್ಲೆ ಅಂತಾವ್ಳೆ ಕಣೇ ಚಲುವಿ," ಎಂದಳು ನೆರೆಮನೆಯ ಮುದ್ದಿ, ಬೇಲಿಯಾಚೆಯಿಂದಲೇ. "ಕೊಟ್ಟಿದ್ನ ವಾಪಸ್ ಕೇಳ್ತಾಳೋ ಏನೋ."

ಕೊಟ್ಟದ್ದೆಂದರೆ ಜವರಯ್ಯ. ಅಂದಿನಿಂದ ಚಲುವಮ್ಮನಿಗೆ ಅನ್ನ ಸೇರಲಿಲ್ಲ. ಗಂಡ ಮೈಮುರಿದರೂ ಓಡಿಬಂದು ಹಣೆ ಮುಟ್ಟುವಳು.

"ಹಂಗ್ ಮುಟ್ ಮುಟ್ ನೋಡ್ಬ್ಯಾಡ ಕಣಮ್ಮಿ, ನಾನೇನ್ ಹರಕೆ ಹೋತ್ವಾ?" ಎಂದು ಅವನು ನಗುವನು.

"ಸುಮ್ಕಿರಿ ಅತ್ಲಾಗೆ. ಅದು ಸತ್ರೆ ನಿಮ್ ಗತಿ ಏನು?"

ದನದ ಡಾಕ್ಟರು ನಾಣಯ್ಯ ಎತ್ತುಗಳಿಗೆ ಚುಚ್ಚುಮದ್ದು ಹಾಕಲು ಊರಿಗೆ ಬಂದಾಗ ಜವರಯ್ಯ ಅವರನ್ನು ಕೊಟ್ಟಿಗೆಗೆ ಕರೆತಂದ. ಅವರು ಹೋತದ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಸುಣ್ಣದಂತೆ ಬಿಳಿ.

"ಹೊಟ್ಟೇಲಿ ಹುಳ ಉಂಟಮ್ಮ, ರಕ್ತ ಪೂರಾ ಕುಡಿದಿವೆ. ಇದಕ್ಕೆ ಬೀಜ ಒಡೆಸಿಲ್ವಾ?"

"ಮಾರಮ್ಮಂದು ಸಾಮಿ. ಊನ ಮಾಡಂಗಿಲ್ಲ."

"ಬೀಜ ಇರೋ ಹೋತಕ್ಕೆ ಈ ಕಾಟ ಜಾಸ್ತಿ ಕಾಣ್ತದೆ. ಯಾಕಂತ ನಂಗೂ ಸರಿಯಾಗಿ ಗೊತ್ತಿಲ್ಲ. ಹೊಳೆಯಂಚಲ್ಲಿ ಇದ್ರ ಗೂಟ ನೋಡ್ದೆ; ಮೊದ್ಲು ಆ ಒದ್ದೆ ಹುಲ್ಲು ಬಿಡಿಸಿ, ಹುಳದ ಮರಿ ಇರೋದು ಅದ್ರಲ್ಲೇ. ಮೈಲುತುತ್ತದ ನೀರು ಕಲಸಿ ಕೊಡ್ತೇನೆ, ಗೊಟ್ಟದಲ್ಲಿ ಕುಡಿಸಿ."

ಡಾಕ್ಟರನ್ನು ನೋಡಲು ಬಂದಿದ್ದ ಮುದ್ದಿ ಬಾಯಿಯ ಮೇಲೆ ಕೈಯಿಟ್ಟಳು. "ದ್ಯಾವ್ರ ಹೋತುಕ್ಕೆ ಇಸ ಕುಡಿಸ್ತೀಯಾ? ಮೈಲ್ಗೆ ಆಗಾಕಿಲ್ವಾ?"

ಚಲುವಮ್ಮ ಬಿದಿರಿನ ಗೊಟ್ಟ ಹಿಡಿದು ನಿಂತಳು. ಗಂಡನ ಮುಖ ನೋಡಿದಳು. ಆಮೇಲೆ ಹೋತದ ಬಾಯಿ ಅಗಲಿಸಿದಳು.

"ಇವ್ರಿಗೂ ಕಹಿ ಕುಡಿಸ್ಕಂಡೇ ಅಲ್ವೇನೆ ಹರಕೆ ಹೊತ್ತಿದ್ದು? ಆಗ ಅಮ್ಮ ಮುನಿಸ್ಕಂಡ್ಲಾ?"

ಗಂಡು ಹಾರ್ಮೋನು ದೇಹದ ರೋಗನಿರೋಧಕ ಶಕ್ತಿಯನ್ನು ಕೆಲಮಟ್ಟಿಗೆ ತಗ್ಗಿಸುತ್ತದೆ, ಹಲವು ಪ್ರಾಣಿಗಳಲ್ಲಿ ಬೀಜವಿರುವ ಗಂಡಿಗೆ ಹುಳದ ಹೊರೆ ಹೆಚ್ಚು ಎಂದು ಈಗ ಓದುತ್ತೇನೆ. ಎಲ್ಲ ಪ್ರಾಣಿಗಳಲ್ಲೂ, ಎಲ್ಲ ಹುಳಗಳ ವಿಷಯದಲ್ಲೂ ಅದು ನಿಜವಲ್ಲವೆಂದೂ ಓದುತ್ತೇನೆ. ಆ ಹೋತವನ್ನು ಸೊರಗಿಸಿದ್ದು ಅದರ ಬೀಜವೋ, ಭಕ್ತಿಯಿಂದ ಉಣಿಸಿದ ಒದ್ದೆ ಹುಲ್ಲೋ? ಎರಡೂ ಒಂದೇ ಪ್ರಾಣಿಯ ಪಾಲಿಗೆ ಬಂದ ಮೇಲೆ ಬೇರ್ಪಡಿಸಿ ಹೇಳಲಾಗದು. ಗಂಡನನ್ನು ಉಳಿಸಿದ್ದು ಕೊಯ್ನಾವೋ ಮಾರಮ್ಮನೋ ಎಂದು ಕೇಳಿದರೆ ಚಲುವಮ್ಮನೂ "ಎಲ್ಡೂ ಇದ್ವಲ್ಲ" ಎನ್ನುತ್ತಿದ್ದಳು. ನನ್ನ ಉತ್ತರ ಅದಕ್ಕಿಂತ ಬಹಳ ಮುಂದೇನೂ ಹೋಗಿಲ್ಲ.

ದಿಬ್ಬದ ಪೊದೆಗಳನ್ನು ಮೇಯುತ್ತ ಹೋತ ಚೇತರಿಸಿಕೊಂಡಿತು. ಹಬ್ಬದ ಬೆಳಿಗ್ಗೆ ಮುದ್ದಿಯ ಸೆರಗನ್ನೇ ಜಗಿಯುವಷ್ಟು ತುಂಟತನ ಬಂದಿತ್ತು. ಚಲುವಮ್ಮ ತಾನೇ ಹಗ್ಗ ಹಿಡಿದು ನಡೆಸಿಕೊಂಡು ಹೋಗಿ ಹರಕೆ ತೀರಿಸಿದಳು. ಬರಿಯ ಹಗ್ಗ ಹಿಡಿದು ಮರಳಿದಳು. ಅಂದಿನ ಬಾಡಿನ ಸಾರನ್ನು ಅವಳೊಬ್ಬಳು ಮುಟ್ಟಲಿಲ್ಲ.

ಜವರಯ್ಯ ಹಣ್ಣು ಮುದುಕನಾಗುವವರೆಗೂ ಬದುಕಿದ. ಅವನು ಕೆಮ್ಮಿದಾಗಲೆಲ್ಲ ಅವಳು ಹರಕೆ ಹೊರುತ್ತಲೇ ಇದ್ದಳು, ಆದರೆ ತೆಂಗಿನಕಾಯಿಯದು ಮಾತ್ರ. ಯಾಕಜ್ಜಿ ಎಂದು ಕೇಳಿದರೆ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿ ಹೇಳುವಳು:

"ಕೂಗಿದ್ರೆ ಕಾಯಿ ಓಡ್ಬರಾಕಿಲ್ವಲ್ಲ ಮಗಾ."