ಹತ್ತನೆಯ ಸಾಲು

ನಮ್ಮ ಶಾಲೆಯಲ್ಲಿ ಭಾಗಾಕಾರ ಕಲಿತ ಮಕ್ಕಳು ಬಹಳ. ಅದನ್ನು ಬದುಕಿನುದ್ದಕ್ಕೂ ಕೈಬಿಡದವಳು ಅವಳೊಬ್ಬಳೇ. ಹತ್ತು ಜನ ಫೇಲಾದರು ಎಂದು ಮೇಷ್ಟ್ರಾದ ನಾನು ಹೇಳಿದರೆ ಕೊನೆಯ ಬೆಂಚಿನಿಂದ ಪ್ರಶ್ನೆ ಬರುತ್ತಿತ್ತು: "ಎಷ್ಟು ಜನರಲ್ಲಿ ಸಾರ್?"

ಆ ಹುಡುಗಿ ಬೆಳೆದು ಆರೋಗ್ಯ ಇಲಾಖೆಯ ಗುಮಾಸ್ತೆಯಾದಳು. ಹತ್ತಿ ಗಿರಣಿಯ ಔಷಧಾಲಯದಲ್ಲಿ ರೋಗಿಗಳ ದಾಖಲೆ ಬರೆಯುವ ಕೆಲಸ. ಅಲ್ಲಿ ಅವಳ ಹೆಸರು "ಎಷ್ಟರಲ್ಲಕ್ಕ".

"ಎಷ್ಟರಲ್ಲಕ್ಕ, ತಲೆನೋವು ಅಂತ ಮೂವರು ಬಂದಿದೀವಿ!"

"ಎಷ್ಟು ಜನರಲ್ಲಿ? ಯಾವ ಕೋಣೆ? ಎಂದಿನಿಂದ?"

"ಅಯ್ಯೋ ತಾಯಿ, ನೀನು ಕೇಳಿ ಮುಗಿಸೋ ಹೊತ್ತಿಗೆ ನೋವೇ ಹೋಗಿರುತ್ತೆ!"

ಅವಳು ಕೂರುವ ಜಾಗಕ್ಕೆ ಒಂದೇ ಕಿಟಕಿ. ಪಕ್ಕದಲ್ಲೇ ಹತ್ತಿ ಹಿಂಜುವ ಕೋಣೆ. ಧೂಳು ತೂರಿ ಬರುತ್ತದೆಂದು ಆ ಕಿಟಕಿಗೂ ಮೊಳೆ ಹೊಡೆದಿದ್ದರು. ಆ ವರ್ಷದ ಮೊದಲಲ್ಲಿ ಹಿಂಜುವ ಕೋಣೆಯಲ್ಲಿ ನಲವತ್ತು ಜನ, ಎಲ್ಲರೂ ಆರೋಗ್ಯವಾಗಿದ್ದವರೇ. ಅವರಲ್ಲೊಬ್ಬ ಅವಳ ಒಡಹುಟ್ಟಿದ ತಮ್ಮ. ತಮ್ಮ, ಅವನ ಹೆಂಡತಿ, ಇಬ್ಬರು ಮಕ್ಕಳು, ಅವಳು, ಐವರೂ ಇದ್ದದ್ದು ಗಿರಣಿಯವರು ತಮ್ಮನಿಗೆ ಕೊಟ್ಟ ಮನೆಯಲ್ಲಿ.

ಗಿರಣಿಗೆ ಒಂದು ನಿಯಮವಿತ್ತು: ಎದೆಯ ಕಾಯಿಲೆಯೆಂದು ಹೆಸರು ದಾಖಲೆಗೆ ಬಂದವನಿಗೆ ಕೆಲಸವೂ ಇಲ್ಲ, ಮನೆಯೂ ಇಲ್ಲ. ಸರ್ಕಾರಕ್ಕೆ ಇನ್ನೊಂದು: ವರ್ಷದ ಮೊದಲಲ್ಲಿ ಆರೋಗ್ಯವಾಗಿದ್ದವರಲ್ಲಿ ಕಾಲು ಭಾಗ ಆ ವರ್ಷ ಹೊಸದಾಗಿ ಕಾಯಿಲೆ ಬಿದ್ದರೆ ಕೋಣೆ ಮುಚ್ಚಿ, ಧೂಳು ಎಳೆಯುವ ಯಂತ್ರ ಹಾಕಲೇಬೇಕು. ನಲವತ್ತರಲ್ಲಿ ಹತ್ತು. ಅವಳ ಪುಸ್ತಕದಲ್ಲಿ ಒಂಬತ್ತು ಸಾಲು ತುಂಬಿದ್ದವು. ಹತ್ತನೆಯವನು ತಮ್ಮನೇ. ಹೊರಗಿನ ವೈದ್ಯರು ಬರೆದುಕೊಟ್ಟ ಚೀಟಿ ಅವಳ ಚೀಲದಲ್ಲಿತ್ತು.

"ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಬರೀಬೇಡ. ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?" ಎಂದಿದ್ದ.

ಮಿಕ್ಕ ಮೂವತ್ತು ಜನಕ್ಕೆ ಮಕ್ಕಳಿಲ್ವೇನೋ ಎಂದು ನಾಲಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಬರೆದರೆ ತಮ್ಮ ಬೀದಿಗೆ; ಬರೆಯದಿದ್ದರೆ ಆ ಮೂವತ್ತು ಜನ ಅದೇ ಧೂಳಿಗೆ. ಪೆನ್ಸಿಲಿನಲ್ಲಿ ಮೂರು ಸಲ ಬರೆದಳು, ಮೂರು ಸಲವೂ ಅಳಿಸಿದಳು.

ತನಿಖಾಧಿಕಾರಿ ಬರುವ ದಿನ ಬೆಳಗ್ಗೆ ಗಿರಣಿಯ ಮ್ಯಾನೇಜರ್ ಅವಳ ಮೇಜಿಗೊರಗಿ ನಿಂತರು.

"ಆ ಕೋಣೇಲಿ ಈಗ ಕಾಯಿಲೆಯೋರು ಒಬ್ಬರೂ ಇಲ್ಲ. ಸೊನ್ನೆ ಅಂತ ಬರೀಮ್ಮ, ಮುಗೀತು."

"ಕಾಯಿಲೆ ಬಿದ್ದೋರನ್ನೆಲ್ಲ ನೀವೇ ಮನೆಗೆ ಕಳಿಸಿದ್ರಲ್ಲ ಸಾರ್! ಬಸ್ಸಲ್ಲಿ ಈಗ ಎಷ್ಟು ಜನ ಕೂತಿದಾರೆ ಅನ್ನೋದು ಬೇರೆ, ಬೆಳಗ್ಗೆಯಿಂದ ಎಷ್ಟು ಜನ ಹತ್ತಿದ್ರು ಅನ್ನೋದು ಬೇರೆ. ಅವರು ಕೇಳಿರೋದು ಹತ್ತಿದೋರ ಲೆಕ್ಕ."

"ಸರಿ, ಒಂಬತ್ತು ಅಂತಲೇ ಬರಿ. ಇಡೀ ಗಿರಣಿಯ ನಾನೂರು ಜನರಲ್ಲಿ ಅನ್ನು."

"ಕಚೇರೀಲಿ ಕೂತೋರೂ ಹತ್ತಿ ಹಿಂಜ್ತಾರಾ ಸಾರ್?"

ಮ್ಯಾನೇಜರ್ ನಕ್ಕರು. "ನಿನ್ನ ತಮ್ಮ ಚೆನ್ನಾಗಿದಾನೆ ತಾನೇ?"

ಅವಳು ಚೀಲವನ್ನು ಮೇಜಿನ ಕೆಳಗೆ ಸರಿಸಿದಳು.

ಮಧ್ಯಾಹ್ನ ಅಧಿಕಾರಿ ಬಂದು ಪುಟ ತಿರುವಿದರು. "ನಲವತ್ತರಲ್ಲಿ ಒಂಬತ್ತು. ಒಂದು ಕಡಿಮೆ," ಎಂದು ಪೆನ್ನಿನ ಮುಚ್ಚಳ ಹಾಕಿದರು. ಅಷ್ಟರಲ್ಲಿ ಅವರ ಬೆರಳು ಹತ್ತನೆಯ ಸಾಲಿನ ಮೇಲೆ ನಿಂತಿತು.

"ಇಲ್ಲಿ ಕಾಗದ ಯಾಕಮ್ಮ ಇಷ್ಟು ಸವೆದಿದೆ?"

ಮೊಳೆ ಹೊಡೆದ ಕಿಟಕಿಯಾಚೆ ಯಾರೋ ಕೆಮ್ಮಿದರು. ಟವೆಲು ಬಾಯಿಗೊತ್ತಿಕೊಂಡು ಕೆಮ್ಮುವ ಆ ಕೆಮ್ಮು ಯಾರದೆಂದು ಅವಳಿಗೆ ತಿಳಿಯದೆ? ಚೀಲದಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

"ಒಂದು ಬರೆಯೋದು ಉಳಿದಿದೆ ಸಾರ್," ಎಂದು ಶಾಯಿಯಲ್ಲಿ ತಮ್ಮನ ಹೆಸರು ಬರೆದಳು.

ಕೋಣೆ ಮೂರು ತಿಂಗಳು ಮುಚ್ಚಿತು, ಯಂತ್ರ ಬಂತು, ಖಾಲಿಯಾದ ಹತ್ತು ಜಾಗಕ್ಕೆ ಹೊಸಬರೂ ಬಂದರು. ತಮ್ಮನ ಕೆಲಸ, ಮನೆ ಎರಡೂ ಹೋದವು. ಐವರೂ ಈಗ ಅವಳು ಬಾಡಿಗೆಗೆ ಹಿಡಿದ ಒಂದೇ ಕೋಣೆಯಲ್ಲಿದ್ದಾರೆ. ಮಂಚದ ಕೆಳಗೂ ಹಾಸಿಗೆ. ಬೇರೆ ಹೋಗೋಣವೆಂದರೆ ಯಾರಿಗೂ ದಾರಿಯಿಲ್ಲ. ತಮ್ಮ ಅವಳೊಡನೆ ಮಾತು ಬಿಟ್ಟಿದ್ದಾನೆ. ಮೂರಡಿ ದೂರದಲ್ಲಿ ಕುಳಿತು ಮಗಳ ಬಾಯಲ್ಲಿ ಹೇಳಿಸುತ್ತಾನೆ: "ಸೋಪು ಮುಗಿದಿದೆ ಅಂತ ನಿಮ್ಮತ್ತೆಗೆ ಹೇಳು."

ಮರುವರ್ಷದ ಲೆಕ್ಕ ಮುಗಿದ ಸಂಜೆ ನಾನು ಅಲ್ಲಿಗೆ ಹೋಗಿದ್ದೆ. ಅವಳು ಗೋಡೆಗೆ ಹೇಳುವವಳಂತೆ ಹೇಳಿದಳು: "ಹಿಂಜೋ ಕೋಣೇಲಿ ಈ ವರ್ಷ ಹೊಸದಾಗಿ ಕಾಯಿಲೆ ಬಿದ್ದೋರು ಒಬ್ಬರೇ."

ತಮ್ಮ ಟವೆಲು ಮಡಚಿ ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಮಗಳ ಕಡೆ ತಿರುಗಿದ.

"ಎಷ್ಟು ಜನರಲ್ಲಿ ಅಂತ ನಿಮ್ಮತ್ತೇನ ಕೇಳು."

"ನಲವತ್ತರಲ್ಲಿ," ಎಂದಳು ಅವಳು.

ಅವನು ಟವೆಲು ಬಾಯಿಗೊತ್ತಿಕೊಂಡ. ಗೋಡೆಯ ಕಡೆ ಹೊರಳಿ ಕೆಮ್ಮಿದ.